ಮೂಲ್ಕಿ, ಸುರತ್ಕಲ್, ಉಡುಪಿ ಕಡೆ ಹಳೆಯ ಬುಲೆಟ್ಟಿಗೆ ನಂಬಿಕಸ್ಥ ಮೆಕ್ಯಾನಿಕ್ ಯಾರಿದ್ದಾರೆ?

ಮೂಲ್ಕಿಯ ಬುಲೆಟ್ | ಮೇ 18, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವುದು 1993ರ ಬುಲೆಟ್ 350. ಕಬ್ಬಿಣದ ಬ್ಲಾಕಿನ ಹಳೆಯ ಎಂಜಿನ್, ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು, ಸಿ.ಬಿ. ಪಾಯಿಂಟ್ (ಪ್ಲಗ್ಗಿನ ಕಿಡಿಗಾಗಿ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು), ಮಿಕ್‌ಕಾರ್ಬ್ ಕಂಪನಿಯ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಭಾಗ). ಎಲ್ಲವೂ ಬಂದಾಗ ಇದ್ದ ಹಾಗೆಯೇ ಇವೆ. ಅಪ್ಪ ಕೊಂಡ ಬೈಕ್. ಅವರು ತೀರಿಕೊಂಡು ಎರಡು ವರ್ಷವಾಯಿತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದನ್ನು ನೋಡಿಕೊಂಡಿದ್ದ ಊರಿನ ಮೆಕ್ಯಾನಿಕ್ ಕಣ್ಣು ಮಂಜಾದ ಮೇಲೆ ಗ್ಯಾರೇಜಿಗೆ ಬೀಗ ಹಾಕಿದರು. ಅಂದಿನಿಂದ ಯಾರ ಬಳಿಗೆ ಹೋಗಬೇಕೆಂದು ನನಗೆ ತಿಳಿಯದಾಗಿದೆ.

ತೊಂದರೆ ಹೀಗಿದೆ. ಬೆಳಿಗ್ಗೆ ಎರಡನೆಯ ಕಿಕ್ಕಿಗೆ ಚಾಲೂ ಆಗುತ್ತದೆ. ಹಳೆಯಂಗಡಿ, ಸುರತ್ಕಲ್ ದಾಟುವವರೆಗೆ ಸೊಗಸಾಗಿ ಓಡುತ್ತದೆ. ಬೈಕಂಪಾಡಿ ಹತ್ತಿರ ಬರುವಾಗ ಕೆಮ್ಮಲು ತೊಡಗಿ, ಕೂಳೂರು ಸೇತುವೆ ಮುಟ್ಟುವುದರೊಳಗೆ ನಿಂತೇ ಬಿಡುತ್ತದೆ. ಎಷ್ಟು ತುಳಿದರೂ ಉಸಿರಿಲ್ಲ. ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ.

ಮೂರು ಗ್ಯಾರೇಜುಗಳಿಗೆ ತೋರಿಸಿದೆ. ಮೊದಲನೆಯವರು ಕಾರ್ಬುರೇಟರ್ ತೊಳೆದುಕೊಟ್ಟರು. ಎರಡನೆಯವರು ಪ್ಲಗ್ ಮತ್ತು ಅದಕ್ಕೆ ವಿದ್ಯುತ್ ಕೊಡುವ ಕಾಯಿಲ್ ಬದಲಾಯಿಸಿ 1,400 ರೂಪಾಯಿ ತೆಗೆದುಕೊಂಡರು. ಮೂರನೆಯವರು ಸೈಲೆನ್ಸರಿನ ಹೊಗೆ ನೋಡಿ, ಪ್ಲಗ್ ಕೂಡ ಬಿಚ್ಚದೆ, "ಬೋರ್ ಹೋಗಿದೆ, ಪಿಸ್ಟನ್ ಹೊಸದು ಹಾಕಬೇಕು, 22 ಸಾವಿರ ಆಗುತ್ತದೆ" ಎಂದರು. ಬೋರ್ ಎಂದರೆ ಪಿಸ್ಟನ್ ಓಡಾಡುವ ಒಳಗೋಡೆ. ಅಲ್ಲಿನ ಹುಡುಗ ಓಡಿಸಿ ನೋಡುತ್ತೇನೆಂದು ತೆಗೆದುಕೊಂಡು ಹೋದ. ಬ್ರೇಕೆಂದು ಬಲಗಾಲಿನಲ್ಲಿ ಗೇರು ಒತ್ತಿ ತೆಂಗಿನ ಮರಕ್ಕೆ ಗುದ್ದಿದ. ಮುಂದಿನ ಮಡ್‌ಗಾರ್ಡ್ ನಗ್ಗಿದೆ. ಹುಡುಗನಿಗೆ ಪೆಟ್ಟಾಗಲಿಲ್ಲ, ಅದೇ ಸಮಾಧಾನ.

ಹಣ ಖರ್ಚಾಗುವುದಕ್ಕೆ ನನಗೆ ಬೇಸರವಿಲ್ಲ. ಆದರೆ ಅಪ್ಪ ಪ್ರತಿ ಭಾನುವಾರ ಒರೆಸುತ್ತಿದ್ದ ಎಂಜಿನನ್ನು ಕಾರಣ ತಿಳಿಯದೆ ಯಾರೋ ಬಿಚ್ಚಿ ಹಾಕುವುದನ್ನು ನೋಡಲಾರೆ. ಹಳೆಯ ಬುಲೆಟ್ ಗೊತ್ತಿರುವವರು ಎಲ್ಲಿದ್ದಾರೆ? ಅವರನ್ನು ನಂಬಬಹುದೆಂದು ನೀವು ಹೇಗೆ ತಿಳಿದುಕೊಂಡಿರಿ? ದಯವಿಟ್ಟು ತಿಳಿಸಿ.

ಕೊಟ್ಟಾರ ಚೌಕಿ | ಮೇ 18, ರಾತ್ರಿ 10.05

ಮೆಕ್ಯಾನಿಕ್‌ಗಳ ಹೆಸರು, ಮೊಬೈಲ್ ಸಂಖ್ಯೆಯನ್ನು ಇಲ್ಲಿ ಎಲ್ಲರೆದುರು ಹಾಕುವುದು ಬೇಡ. ಅವರ ಒಪ್ಪಿಗೆ ಇರುವುದಿಲ್ಲ. ಖಾಸಗಿ ಸಂದೇಶದಲ್ಲಿ ಕಳುಹಿಸಿ.

ಇನ್ನೊಂದು ವಿಷಯ ಕೇಳಿಬಿಡುತ್ತೇನೆ. ಆರ್‌ಸಿ ಇನ್ನೂ ತಂದೆಯವರ ಹೆಸರಿನಲ್ಲಿಯೇ ಇದೆಯೇ?

ಮೂಲ್ಕಿಯ ಬುಲೆಟ್ | ಮೇ 18, ರಾತ್ರಿ 10.12

ಹೌದು, ಅವರ ಹೆಸರಿನಲ್ಲಿಯೇ ಇದೆ. ವಿಮೆಯೂ ಹಾಗೆಯೇ.

ಹಳೆಯ ಸ್ಪಾನರ್ | ಮೇ 19, ಬೆಳಿಗ್ಗೆ 6.30

ನಾನು ಉಡುಪಿಯಲ್ಲಿ ಮೂವತ್ತೊಂದು ವರ್ಷ ಗ್ಯಾರೇಜ್ ನಡೆಸಿ ಈಗ ಮನೆಯಲ್ಲಿದ್ದೇನೆ. ನಿಮ್ಮ ಬರಹ ಓದಿ ರಾತ್ರಿ ನಿದ್ದೆ ಬರಲಿಲ್ಲ. ದಯಮಾಡಿ ಬೋರ್ ಮಾಡಿಸಬೇಡಿ.

ತಣ್ಣಗಿರುವಾಗ ಓಡಿ, ಬಿಸಿಯಾದಾಗ ನಿಂತು, ಆರಿದ ಮೇಲೆ ಮತ್ತೆ ಹೊರಡುವ ಪಾಯಿಂಟ್ ಬುಲೆಟ್ ಬಂದರೆ ನಾನು ಮೊದಲು ನೋಡುತ್ತಿದ್ದದ್ದು ಕಂಡೆನ್ಸರ್. ಪಾಯಿಂಟ್ ತೆರೆಯುವ ಕ್ಷಣದಲ್ಲಿ ಅಲ್ಲಿ ಕಿಡಿ ಹಾರದಂತೆ ವಿದ್ಯುತ್ತನ್ನು ಹೀರಿಕೊಳ್ಳುವುದು ಅದರ ಕೆಲಸ. ಹಾಗೆ ಹೀರಿಕೊಂಡಾಗ ಮಾತ್ರ ಕಾಯಿಲಿನೊಳಗಿನ ಹರಿವು ಥಟ್ಟನೆ ಕಡಿದು ಪ್ಲಗ್ಗಿಗೆ ಜೋರಾದ ಕಿಡಿ ಹೋಗುತ್ತದೆ. ಕಂಡೆನ್ಸರ್ ಹಳತಾಗಿದ್ದರೆ ತಣ್ಣಗಿರುವಾಗ ಹೇಗೋ ಕೆಲಸ ಮಾಡುತ್ತದೆ, ಕಾದ ಮೇಲೆ ಸೋರುತ್ತದೆ. ಆಗ ಕಿಡಿಯೆಲ್ಲ ಪಾಯಿಂಟಿನಲ್ಲಿಯೇ ಹಾರಿಹೋಗಿ ಪ್ಲಗ್ಗಿಗೆ ಏನೂ ಉಳಿಯುವುದಿಲ್ಲ. ಬೈಕ್ ನಿಂತ ಕೂಡಲೇ ಪಾಯಿಂಟಿನ ಮುಚ್ಚಳ ತೆಗೆದು, ಮಬ್ಬು ಬೆಳಕಿನಲ್ಲಿ ಯಾರಿಂದಲಾದರೂ ಕಿಕ್ ತುಳಿಸಿ ನೋಡಿ. ಪಾಯಿಂಟಿನ ಎರಡು ತುದಿಗಳ ನಡುವೆ ದಪ್ಪನೆಯ ಕಿಡಿ ಹಾರುತ್ತಿದ್ದರೆ, ತುದಿಗಳು ಸುಟ್ಟು ಗುಳಿ ಬಿದ್ದಿದ್ದರೆ, ಕಳ್ಳ ಸಿಕ್ಕಿದ ಹಾಗೆ. ನೂರು ಚಿಲ್ಲರೆ ರೂಪಾಯಿಯ ಸಾಮಾನು ಅದು.

ಬೋರ್ ಹೋಗಿದೆಯೇ ಇಲ್ಲವೇ ಎಂದು ತಿಳಿಯಲು ಎಂಜಿನ್ ಬಿಚ್ಚಬೇಕಾಗಿಲ್ಲ. ಡಿಕಂಪ್ರೆಸರ್ (ಒಳಗಿನ ಒತ್ತಡ ಹೊರಬಿಡುವ) ಹಿಡಿ ಎಳೆಯದೆ, ಪಿಸ್ಟನ್ ಕಂಪ್ರೆಶನ್ನಿಗೆ (ಒಳಗಿನ ಗಾಳಿಯನ್ನು ಒತ್ತುವ ಹಂತಕ್ಕೆ) ಬಂದಾಗ ಕಿಕ್ ಮೇಲೆ ಮೈಭಾರ ಬಿಡಿ. ಅದು ನಿಮ್ಮನ್ನು ಹೊತ್ತು ಗಟ್ಟಿಯಾಗಿ ನಿಂತರೆ ಒಳಗೆ ಜೀವವಿದೆ. ಕಿಕ್ ಮೆತ್ತಗೆ ಕೆಳಗಿಳಿದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ತುಳಿಯಿರಿ. ಆಯಿಲ್ ಹಾಕಿದ ಮೇಲೆ ಬಿಗಿ ಬಂದರೆ ರಿಂಗ್ ಅಥವಾ ಬೋರ್ ಸವೆದಿದೆ ಎಂದು ತಿಳಿಯಬಹುದು. ಆಗಲೂ ಬಿಗಿ ಬಾರದಿದ್ದರೆ ವಾಲ್ವ್ ನೋಡಬೇಕು.

ಹೊಗೆಯ ವಿಷಯ. ಬೈಕ್ ಹೆಚ್ಚು ದಿನ ನಿಂತಿತ್ತೇ?

ಮೂಲ್ಕಿಯ ಬುಲೆಟ್ | ಮೇ 19, ಬೆಳಿಗ್ಗೆ 7.15

ಹೌದು, ಅಪ್ಪ ಹೋದ ಮೇಲೆ ಏಳು ತಿಂಗಳು ಚಾವಡಿಯಲ್ಲಿ ನಿಂತಿತ್ತು. ಈಗಲೂ ವಾರಕ್ಕೊಮ್ಮೆ ಮಾತ್ರ ಹೊರಗೆ ತೆಗೆಯುತ್ತೇನೆ. ನಿಮಗೆ ಹೇಗೆ ಗೊತ್ತಾಯಿತು?

ಹಳೆಯ ಸ್ಪಾನರ್ | ಮೇ 19, ಬೆಳಿಗ್ಗೆ 7.50

ಈ ಎಂಜಿನ್ ನಿಂತಲ್ಲಿಯೇ ಇದ್ದರೆ ಆಯಿಲ್ ಪಂಪಿನ ಸಂದಿಯಿಂದ ಮೆಲ್ಲಗೆ ಜಿನುಗಿ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಇರುವ ಗೂಡಿನಲ್ಲಿ ಸೇರುತ್ತದೆ. ಆಮೇಲೆ ಚಾಲೂ ಮಾಡಿದರೆ ಆ ಆಯಿಲ್ ಮೇಲೆ ಹಾರಿ, ಸುಟ್ಟು, ಕೆಲವು ನಿಮಿಷ ನೀಲಿ ಹೊಗೆ ಬರುತ್ತದೆ. ಓಡುತ್ತ ಓಡುತ್ತ ಪಂಪು ಅದನ್ನು ಹಿಂದಕ್ಕೆ ಎಳೆದುಕೊಂಡಾಗ ಹೊಗೆ ತಾನಾಗಿ ಕಡಿಮೆಯಾಗುತ್ತದೆ. ಆ ಮೊದಲ ಹೊಗೆಯನ್ನು ನೋಡಿ ಬೋರ್ ಎಂದು ತೀರ್ಪು ಕೊಡುವವರಿಗೆ ಈ ಎಂಜಿನ್ ಗೊತ್ತಿಲ್ಲ. ಹತ್ತು ಕಿಲೋಮೀಟರ್ ಓಡಿದ ಮೇಲೂ ಹೊಗೆ ಬಿಡದಿದ್ದರೆ ಮಾತ್ರ ಚಿಂತೆ ಮಾಡಿ.

ಕದ್ರಿ ಯೆಜ್ಡಿ | ಮೇ 19, ಮಧ್ಯಾಹ್ನ 1.20

ನನ್ನದು ಯೆಜ್ಡಿ ರೋಡ್‌ಕಿಂಗ್. ಅದನ್ನು ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಂದರೆ ಈ ಬೈಕುಗಳನ್ನು ಹೊಸದಾಗಿದ್ದಾಗಲೇ ಬಿಚ್ಚಿ ಕಲಿತವರು ಈಗ ಐವತ್ತು ದಾಟಿದವರು. ಬುಲೆಟ್ಟಿನ ಕಬ್ಬಿಣದ ಎಂಜಿನ್ ಬರುವುದೂ 2010ರ ಆಸುಪಾಸಿಗೆ ನಿಂತಿತು. 2020ರ ಏಪ್ರಿಲ್‌ನಿಂದ ಬಿಎಸ್-6 ಎಂಬ ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬುರೇಟರೇ ಕಾಣಿಸುತ್ತಿಲ್ಲ. ಇಂದಿನ ಹುಡುಗರು ಸ್ಕ್ಯಾನರ್ ಹಿಡಿದು ಕಲಿಯುತ್ತಾರೆ. ಅವರು ಕೆಟ್ಟ ಕೆಲಸಗಾರರೇನಲ್ಲ. ಪಾಯಿಂಟ್ ಎಂದರೇನೆಂದು ಅವರಿಗೆ ತೋರಿಸಿದವರಿಲ್ಲ, ಅಷ್ಟೇ.

ನನಗೆ ಆದ ನಷ್ಟ ಬೇರೆ ಬಗೆಯದು. ಮಂಗಳೂರಿನಲ್ಲಿಯೇ ಒಂದು ಕಡೆ ಕ್ರ್ಯಾಂಕ್ ಕೆಲಸಕ್ಕೆಂದು ಎರಡು ತಿಂಗಳು ಬೈಕ್ ಬಿಟ್ಟಿದ್ದೆ. ತಂದ ಮೇಲೆ ಓಟ ಸರಿ ಬರಲಿಲ್ಲ. ನೋಡಿದರೆ ನನ್ನ ಹಳೆಯ ಕಾರ್ಬುರೇಟರ್ ಇದ್ದ ಜಾಗದಲ್ಲಿ ಬೇರೆಯದು ಕುಳಿತಿದೆ. ಕೇಳಿದರೆ "ಇದೇ ಇತ್ತು" ಎಂದರು. ನನ್ನ ಬಳಿ ಒಂದು ಚಿತ್ರವೂ ಇರಲಿಲ್ಲ, ಸಾಬೀತು ಮಾಡುವುದು ಹೇಗೆ? ಹದಿನಾರು ವರ್ಷ ಜೊತೆಗಿದ್ದ ಸಾಮಾನು ಹಾಗೆ ಹೋಯಿತು. ಇಂದಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ನಿಮ್ಮಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಬೈಕ್ ಬಿಡುವ ಮೊದಲು ಕಾರ್ಬುರೇಟರ್, ಹೆಡ್‌ಲೈಟ್, ಆಮ್ಮೀಟರ್, ಟ್ಯಾಂಕಿನ ಮುಚ್ಚಳ, ಎಂಜಿನ್ ಸಂಖ್ಯೆ ಎಲ್ಲದರ ಚಿತ್ರವನ್ನು ಮೆಕ್ಯಾನಿಕ್ ಎದುರಿನಲ್ಲಿಯೇ ತೆಗೆಯಿರಿ. "ನನ್ನ ನೆನಪಿಗೆ" ಎಂದು ಹೇಳಿ. ಒಳ್ಳೆಯವರು ಅದಕ್ಕೆ ಮುನಿಸಿಕೊಳ್ಳುವುದಿಲ್ಲ. ಬದಲಾಯಿಸಿದ ಪ್ರತಿಯೊಂದು ಹಳೆಯ ಭಾಗವನ್ನೂ ಚೀಲದಲ್ಲಿ ಹಾಕಿ ಕೊಡಿ ಎಂದು ಮೊದಲೇ ಹೇಳಿಬಿಡಿ. ಅನೇಕ ಹಳೆಯ ಭಾಗಗಳು ಈಗ ಸಿಗುವ ನಕಲಿ ಹೊಸದಕ್ಕಿಂತ ಗಟ್ಟಿ, ಲೇತಿಗೆ (ಲೋಹ ಕಡೆಯುವ ಯಂತ್ರಕ್ಕೆ) ಕೊಟ್ಟು ಸರಿಮಾಡಿಸಬಹುದು.

ಮಲ್ಪೆ ಕಡಲು | ಮೇ 19, ಸಂಜೆ 6.45

ಲೇತ್ ಎಂದಿರಲ್ಲ, ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಮಲ್ಪೆಯಲ್ಲಿ, ಮಂಗಳೂರಿನ ಬಂದರಿನಲ್ಲಿ ದೋಣಿ ಎಂಜಿನ್ನಿನ ಕೆಲಸ ಮಾಡುವ ಲೇತ್ ಅಂಗಡಿಗಳಿವೆ. ಬುಷ್ (ದಂಡ ತಿರುಗುವ ಲೋಹದ ಬಳೆ) ಕಡೆದುಕೊಡುವುದು, ಹೋದ ಮರೆ (ಬೋಲ್ಟ್ ಕೂರುವ ಸುರುಳಿ ಗೆರೆ) ಕೂಡಿಸುವುದು, ಅಲ್ಯುಮಿನಿಯಂ ಬೆಸುಗೆ ಎಲ್ಲವೂ ಅವರಿಗೆ ಕೈಗೆ ಬಂದ ವಿದ್ಯೆ. ಒಳ್ಳೆಯ ಹಳೆಯ ಮೆಕ್ಯಾನಿಕ್ ಯಾರೆಂದು ತಿಳಿಯಬೇಕಾದರೆ ಅವರನ್ನು ಕೇಳಿ. "ಹಳೆಯ ಬುಲೆಟ್ಟಿನ ಕೆಲಸ ನಿಮ್ಮಲ್ಲಿಗೆ ಯಾರು ತರುತ್ತಾರೆ, ಅಳತೆ ಸರಿಯಾಗಿ ತೆಗೆದುಕೊಂಡು ಬರುವವರು ಯಾರು?" ಎಂದರೆ ಸಾಕು. ಅಳತೆ ತಪ್ಪಿಸಿ ಮೂರು ಸಲ ಬರುವವರು ಯಾರೆಂಬುದೂ ಅವರಿಗೆ ಗೊತ್ತಿರುತ್ತದೆ. ನಾನು ನನ್ನ ಮೆಕ್ಯಾನಿಕ್ ಅವರನ್ನು ಹುಡುಕಿದ್ದು ಹೀಗೆಯೇ.

ಆದರೆ ಹೋಗುವುದಾದರೆ ಈ ವಾರವೇ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದೋಣಿಗಳೆಲ್ಲ ದಡಕ್ಕೆ ಬಂದು ದುರಸ್ತಿಗೆ ನಿಲ್ಲುತ್ತವೆ. ಆಗ ಲೇತಿನವರಿಗೆ ನಿಮ್ಮ ಬುಷ್ ನೋಡಲು ಪುರುಸೊತ್ತು ಇರುವುದಿಲ್ಲ.

ಕಡಲ ಗಾಳಿಯ ಬಗ್ಗೆಯೂ ಹೇಳಬೇಕು. ಇಲ್ಲಿನ ಉಪ್ಪು ಮೊದಲು ತಿನ್ನುವುದು ವೈರಿಂಗ್ ಜೋಡಣೆಗಳನ್ನು. ಅರ್ತಿಂಗ್ ಕೂಡುವ ಕಡೆ ಹಸಿರು ಕಿಲುಬು ಕಟ್ಟಿದ್ದರೆ ಕಂಡೆನ್ಸರ್ ಹೊಸದಾದರೂ ಸುಖವಿಲ್ಲ. ಅರ್ತಿಂಗ್ ಬೋಲ್ಟ್ ಬಿಚ್ಚಿ, ಮರಳು ಕಾಗದದಿಂದ ಉಜ್ಜಿ, ಗ್ರೀಸ್ ಸವರಿ ಮತ್ತೆ ಬಿಗಿಯುವ ಮೆಕ್ಯಾನಿಕ್ ಸಿಕ್ಕಿದರೆ ಅವರನ್ನು ಬಿಡಬೇಡಿ.

ಕಾರ್ಕಳದ ಟೀಚರ್ | ಮೇ 20, ರಾತ್ರಿ 8.30

ನನ್ನದು ಅಣ್ಣನಿಂದ ಬಂದ ಹಳೆಯ ಹೀರೋ ಹೋಂಡಾ ಸಿಡಿ 100. ಬುಲೆಟ್ಟಿನಷ್ಟು ಮಾತು ಇದಕ್ಕೆ ಬೇಡ. ಆದರೂ ನಂಬಿಕಸ್ಥರನ್ನು ಹುಡುಕುವ ಕಷ್ಟ ಒಂದೇ. ಹೆಂಗಸರಿಗೆ ಇನ್ನೂ ಸ್ವಲ್ಪ ಹೆಚ್ಚು. ನಾನು ಕೇಳಿದ ಪ್ರಶ್ನೆಗೆ ಜೊತೆಯಲ್ಲಿದ್ದ ತಮ್ಮನ ಮುಖ ನೋಡಿ ಉತ್ತರ ಕೊಟ್ಟವರು ಎಷ್ಟೋ ಮಂದಿ. ಅವನಿಗೆ ಬೈಕ್ ಓಡಿಸಲೂ ಬರುವುದಿಲ್ಲ!

ಈಗಿನ ಮೆಕ್ಯಾನಿಕ್ ಅವರ ಗ್ಯಾರೇಜಿಗೆ ಮೊದಲ ದಿನ ಹೋದಾಗ ಅವರು ಸ್ಪಾನರ್ ಮುಟ್ಟಲಿಲ್ಲ. ಎದ್ದು ಬಂದು ಕೇಳಿದರು: ಶಬ್ದ ಯಾವಾಗ ಬರುತ್ತದೆ, ಏರಿನಲ್ಲೋ ಇಳಿಜಾರಿನಲ್ಲೋ? ಮಳೆಯಲ್ಲಿ ಹೆಚ್ಚಾಗುತ್ತದೆಯೇ? ಕೊನೆಗೆ ಯಾರು, ಏನು ಬಿಚ್ಚಿದ್ದರು? ನಾನು ಹೇಳಿದ್ದನ್ನೆಲ್ಲ ಕೇಳಿ ಆಮೇಲೆ ತಾವೇ ಓಡಿಸಿಕೊಂಡು ಹೋದರು. ಹಿಂದಿರುಗಿ ಬಂದು "ಚೈನ್ ಸ್ಪ್ರಾಕೆಟ್ ಹೋಗಿದೆ, ಎಂಜಿನ್ ಮುಟ್ಟುವುದು ಬೇಡ" ಎಂದರು. ಅವರು ಕೆಲಸ ಮಾಡುವ ಕಡೆ ಬಿಚ್ಚಿದ ಬೋಲ್ಟುಗಳು ಡಬ್ಬಿಯ ಮುಚ್ಚಳಗಳಲ್ಲಿ ಬೇರೆ ಬೇರೆಯಾಗಿ ಇದ್ದವು. ನನ್ನ ಮಟ್ಟಿಗೆ ಆ ಮುಚ್ಚಳಗಳೇ ಪ್ರಮಾಣಪತ್ರ. ಬೋಲ್ಟುಗಳನ್ನು ಒಂದೇ ರಾಶಿ ಹಾಕುವವರು ಮತ್ತೆ ಕೂಡಿಸುವಾಗ ಉದ್ದದ ಬೋಲ್ಟನ್ನು ಗಿಡ್ಡದರ ತೂತಿಗೆ ತುರುಕುತ್ತಾರೆ. ಅಲ್ಯುಮಿನಿಯಂ ಮರೆ ಹೋಗುವುದು ಹಾಗೆಯೇ.

ನಾನು ಒಂದು ಪುಸ್ತಕ ಇಟ್ಟಿದ್ದೇನೆ. ದಿನಾಂಕ, ಕಿಲೋಮೀಟರ್, ಏನು ಮಾಡಿದ್ದು, ಎಷ್ಟು ಕೊಟ್ಟಿದ್ದು. ಅದನ್ನು ನೋಡಿದ ಮೇಲೆ ಅವರ ಗೌರವವೂ ಹೆಚ್ಚಿತು.

ಕೊಟ್ಟಾರ ಚೌಕಿ | ಮೇ 20, ರಾತ್ರಿ 9.10

ಮೂಲ್ಕಿಯವರೇ, ಆರ್‌ಸಿ ವಿಷಯವನ್ನು ಮುಂದೆ ಹಾಕಬೇಡಿ. ಮಾಲೀಕರು ತೀರಿಕೊಂಡರೆ 30 ದಿನಗಳೊಳಗೆ ಆರ್‌ಟಿಒ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವಾರಸುದಾರರು ಅರ್ಜಿ ಕೊಡಬೇಕೆಂದು ನಿಯಮವಿದೆ. ತಡವಾಗಿದ್ದರೂ ಈಗಲಾದರೂ ಮಾಡಿ. ಅಪಘಾತವಾದರೆ ವಿಮೆಯಲ್ಲಿ ತಕರಾರು ಬರುವುದು ಇಲ್ಲಿಯೇ. ಮೊದಲ 15 ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಣ ಮಾಡಿಸಬೇಕು. ನಿಮ್ಮ ಲೆಕ್ಕದಲ್ಲಿ 2008, 2013, 2018, 2023 ಆಗಿರಬೇಕು. ಒಮ್ಮೆ ಪರೀಕ್ಷಿಸಿ.

ಕದ್ರಿ ಯೆಜ್ಡಿ | ಮೇ 21, ಬೆಳಿಗ್ಗೆ 8.00

ಸ್ಪಾನರ್ ಅಣ್ಣ, ಒಂದು ಪ್ರಶ್ನೆ ಮನಸ್ಸಿನಲ್ಲಿ ಬಹಳ ದಿನದಿಂದ ಇದೆ. ಹಳೆಯ ಬೈಕ್ ನೋಡಿದ ಕೂಡಲೇ "ಆಗುವುದಿಲ್ಲ, ಬೇರೆ ಕಡೆ ತೋರಿಸಿ" ಎಂದು ಮುಖ ತಿರುಗಿಸುವವರು ಇಷ್ಟೊಂದು ಏಕೆ? ನಾವು ಹಣ ಕೊಡುವುದಿಲ್ಲವೇ?

ಹಳೆಯ ಸ್ಪಾನರ್ | ಮೇ 21, ಮಧ್ಯಾಹ್ನ 3.15

ಕೇಳಿದ್ದು ಒಳ್ಳೆಯದಾಯಿತು. ಗ್ಯಾರೇಜಿನ ಒಳಗಿನಿಂದ ಅದು ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ.

ಹೊಸ ಸ್ಕೂಟರಿನ ಸರ್ವೀಸ್ ಎಂದರೆ ಒಂದೂವರೆ ಗಂಟೆ. ಆಯಿಲ್, ಫಿಲ್ಟರ್, ಬ್ರೇಕ್, ತೊಳೆಯುವುದು, ಮುಗಿಯಿತು. ಸಂಜೆಯೊಳಗೆ ನಾಲ್ಕು ಆಗುತ್ತದೆ, ಬಾಡಿಗೆ ಹುಟ್ಟುತ್ತದೆ. ಹಳೆಯ ಬುಲೆಟ್ ಬಂದರೆ ಮೊದಲ ದಿನ ತುಕ್ಕು ಹಿಡಿದ ಒಂದು ಸ್ಟಡ್ ಬಿಚ್ಚುವುದರಲ್ಲಿಯೇ ಹೋಗುತ್ತದೆ. ತುಂಡಾದರೆ ಹೊಣೆ ನನ್ನದು. ಬೇಕಾದ ಭಾಗ ಇಲ್ಲಿ ಸಿಗದೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬೇಕು. ಬಂದದ್ದು ನಕಲಿಯಾದರೆ ವಾಪಸು ಕಳುಹಿಸಬೇಕು. ಅಷ್ಟೂ ದಿನ ಬೈಕ್ ಜಾಗ ಹಿಡಿದು ನಿಂತಿರುತ್ತದೆ. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಮೂರು ಬೈಕಿನ ಜಾಗ ಎಂದರೆ ಏನೆಂದು ಗ್ಯಾರೇಜ್ ನಡೆಸಿದವರಿಗೇ ಗೊತ್ತು. ಕೊನೆಗೆ ಮಾಲೀಕರು ಬಂದು, "ಸಾಮಾನಿಗೆ ಎಷ್ಟಾದರೂ ಸರಿ, ಮಜೂರಿ 800 ಜಾಸ್ತಿಯಾಯಿತು" ಎನ್ನುತ್ತಾರೆ. ಆರು ಗಂಟೆ ಕುಳಿತು ಟೈಮಿಂಗ್ ಕೂಡಿಸಿದ್ದಕ್ಕೆ 800. ನಾನು ಹಣಕ್ಕಾಗಿ ಅಳುತ್ತಿಲ್ಲ ಮಾರಾಯರೇ. ಕೈಕೆಲಸಕ್ಕೆ ಬೆಲೆ ಇಲ್ಲವೆಂದು ತೋರಿದ ಕಡೆಯಲ್ಲಿ ಯಾರೂ ಮನಸ್ಸಿಟ್ಟು ಮಾಡುವುದಿಲ್ಲ. ಅದರಿಂದಲೇ ಸಾಮಾನಿನಲ್ಲಿ ಲಾಭ ಹುಡುಕುವ ಚಾಳಿ ಹುಟ್ಟುವುದು. ಬೇಡದ ಪಿಸ್ಟನ್ ಹಾಕುವ ಆಸೆಯೂ ಅಲ್ಲಿಂದಲೇ ಬರುತ್ತದೆ.

ಆದ್ದರಿಂದ ಹೊಸ ಮೆಕ್ಯಾನಿಕ್ ಬಳಿಗೆ ಎಂಜಿನ್ ಕೆಲಸ ಹಿಡಿದುಕೊಂಡು ಹೋಗಬೇಡಿ. ಸಣ್ಣ ಕೆಲಸ ಕೊಡಿ. ಟ್ಯಾಪೆಟ್, ಅಂದರೆ ವಾಲ್ವ್ ಎತ್ತುವ ಭಾಗದ ಬಿಗಿ, ನೋಡಿಕೊಡಿ ಎನ್ನಿ. ಎಂಜಿನ್ ಬಿಸಿಯಿದ್ದರೆ "ನಾಳೆ ಬೆಳಿಗ್ಗೆ ತನ್ನಿ" ಎನ್ನುವವರು ಬಲ್ಲವರು. ಈ ಎಂಜಿನ್ನಿನ ಟ್ಯಾಪೆಟ್ ತಣ್ಣಗಿರುವಾಗಲೇ ಕೂಡಿಸಬೇಕು. ಪುಷ್‌ರಾಡ್ (ವಾಲ್ವಿನ ಕಡೆಗೆ ತಳ್ಳುವ ಕಡ್ಡಿ) ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಟ ಇರಬಾರದು. ಹಾಗೆಯೇ ಪಾಯಿಂಟ್ ಕೂಡಿಸುವಾಗ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಕೈಗೆ ಬರುತ್ತದೆಯೇ ನೋಡಿ. 0.35ರಿಂದ 0.40 ಮಿ.ಮೀ. ಅಂತರ ಇರಬೇಕು. ನುರಿತವರು ಕಣ್ಣಂದಾಜಿನಲ್ಲಿ ಕೂಡಿಸಿದರೂ ಕೊನೆಗೆ ಗೇಜ್ ಇಟ್ಟು ನೋಡುತ್ತಾರೆ. ಆ ಕೆಲಸಕ್ಕೆ ಕೇಳಿದ ಮಜೂರಿಯನ್ನು ಚೌಕಾಸಿ ಮಾಡದೆ ಕೊಡಿ. ಮುಂದಿನ ಸಲ ಅವರೇ ನಿಮಗಾಗಿ ಸಮಯ ಇಡುತ್ತಾರೆ.

ಮಲ್ಪೆ ಕಡಲು | ಮೇ 21, ಸಂಜೆ 7.00

ಇದನ್ನು ಓದಿ ನನಗೆ ನಾಚಿಕೆಯಾಯಿತು. ನಾನೂ ಚೌಕಾಸಿ ಮಾಡಿದ್ದೇನೆ.

ಪೆಟ್ರೋಲಿನ ಬಗ್ಗೆಯೂ ಹೇಳಿ ಅಣ್ಣ. ಈಗ ಬಂಕುಗಳಲ್ಲಿ ಸಿಗುವುದು ಇಪ್ಪತ್ತು ಶೇಕಡಾ ಎಥೆನಾಲ್ ಕೂಡಿಸಿದ್ದು. ಹಳೆಯ ಬೈಕಿಗೆ ಇದರಿಂದ ತೊಂದರೆ ಇದೆಯೇ?

ಹಳೆಯ ಸ್ಪಾನರ್ | ಮೇ 21, ರಾತ್ರಿ 8.20

ಎಂಜಿನ್ ಒಡೆದು ಹೋಗುವುದಿಲ್ಲ. ಆದರೆ ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನಮ್ಮ ಹವೆಯಲ್ಲಂತೂ ಕೇಳುವುದೇ ಬೇಡ. ಹಳೆಯ ರಬ್ಬರ್ ಕೊಳವೆ, ಪೆಟ್ರೋಲ್ ನಲ್ಲಿಯ ವಾಷರ್ ಬೇಗ ಹಾಳಾಗುತ್ತವೆ. ಅವುಗಳನ್ನು ಹೊಸದಾಗಿ ಹಾಕಿಸಿ. ನಿಲ್ಲಿಸುವಾಗ ನಲ್ಲಿ ಮುಚ್ಚಿ. ತಿಂಗಳು ನಿಲ್ಲಿಸುವುದಾದರೆ ಕಾರ್ಬುರೇಟರಿನ ಬಟ್ಟಲಿನಲ್ಲಿ ಪೆಟ್ರೋಲ್ ಉಳಿಸಬೇಡಿ.

ಮೂಲ್ಕಿಯ ಬುಲೆಟ್ | ಜೂನ್ 3, ರಾತ್ರಿ 10.30

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮಲ್ಪೆಯವರು ಹೇಳಿದಂತೆ ಲೇತ್ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಯೋಚಿಸದೆ ಒಂದು ಹೆಸರು ಹೇಳಿದರು. ಆಶ್ಚರ್ಯವೆಂದರೆ ಟೀಚರ್ ನನಗೆ ಖಾಸಗಿಯಾಗಿ ಕಳುಹಿಸಿದ್ದ ಎರಡು ಹೆಸರುಗಳಲ್ಲಿ ಅದೂ ಒಂದು. ಉಡುಪಿ ಕಡೆಯ ಒಳರಸ್ತೆಯಲ್ಲಿ, ಮನೆಗೆ ತಾಗಿದ ಗ್ಯಾರೇಜ್. ಫಲಕ ಕೂಡ ಇಲ್ಲ.

ಸ್ಪಾನರ್ ಅಣ್ಣನ ಮಾತಿನಂತೆ ಮೊದಲು ಟ್ಯಾಪೆಟ್ ಮಾತ್ರ ನೋಡಿಕೊಡಿ ಎಂದೆ. ಬೈಕ್ ಇಪ್ಪತ್ತೈದು ಕಿಲೋಮೀಟರ್ ಓಡಿ ಬಂದಿತ್ತು. ದಾರಿಯಲ್ಲಿ ಎರಡು ಸಲ ನಿಂತಿತ್ತು. ಅವರು ಎಂಜಿನ್ನಿಗೆ ಅಂಗೈ ಇಟ್ಟು ನೋಡಿ, "ಇದು ಆರಲಿ, ಇವತ್ತು ಟ್ಯಾಪೆಟ್ ಆಗುವುದಿಲ್ಲ. ದಾರಿಯಲ್ಲಿ ನಿಂತಿತೇ?" ಎಂದು ಕೇಳಿದರು. ನಾನು ಹೇಳಿರಲೇ ಇಲ್ಲ. ಬಲಗಾಲಿನ ಕಿಕ್ ಹತ್ತಿರ ನನ್ನ ಪ್ಯಾಂಟಿಗೆ ಆದ ಕೊಳೆ ನೋಡಿ ತಿಳಿದುಕೊಂಡರಂತೆ.

ಆಮೇಲೆ ಮುಚ್ಚಳ ತೆಗೆದು ತೋರಿಸಿದರು. ಪಾಯಿಂಟಿನ ಒಂದು ತುದಿ ಗುಳಿ ಬಿದ್ದು ಇನ್ನೊಂದರಲ್ಲಿ ಗುಬುಟು ಎದ್ದಿತ್ತು. ನನ್ನಿಂದಲೇ ಕಿಕ್ ತುಳಿಸಿದರು, ಸಂಜೆಯ ಮಬ್ಬಿನಲ್ಲಿ ಅಲ್ಲಿಯೇ ಕಿಡಿ ಹಾರಿತು. ಸ್ಪಾನರ್ ಅಣ್ಣ ಇಲ್ಲಿ ಬರೆದದ್ದನ್ನು ಕಣ್ಣೆದುರು ಕಂಡು ನನಗೆ ಗಂಟಲು ಕಟ್ಟಿತು. ಬೈಕನ್ನು ಅಲ್ಲಿಯೇ ಬಿಟ್ಟು ಬಂದೆ. ಬಿಡುವ ಮೊದಲು ಚಿತ್ರ ತೆಗೆದೆ. ಅವರು ಟಾರ್ಚ್ ಹಿಡಿದು, "ಕಾರ್ಬುರೇಟರಿನ ಈ ಬದಿಯದ್ದೂ ತೆಗೆಯಿರಿ" ಎಂದರು.

ಮರುದಿನ ಬೆಳಿಗ್ಗೆ ನನ್ನೆದುರಿನಲ್ಲಿಯೇ ಕಂಡೆನ್ಸರ್, ಪಾಯಿಂಟ್ ಎರಡನ್ನೂ ಬದಲಾಯಿಸಿದರು. ಅರ್ತಿಂಗ್ ಉಜ್ಜಿದರು. ಟ್ಯಾಪೆಟ್ ಕೂಡಿಸಿ ಪುಷ್‌ರಾಡನ್ನು ನನ್ನ ಬೆರಳಿನಿಂದ ತಿರುಗಿಸಿ ನೋಡಲು ಹೇಳಿದರು. ಬೋರ್ ಬಗ್ಗೆ ಕೇಳಿದೆ. ಕಿಕ್ ಮೇಲೆ ಕಾಲಿಟ್ಟು ನಿಂತು, "ನನ್ನನ್ನು ಹೊರುತ್ತಿದೆ, ನೋಡಿ" ಎಂದರು. ಕೇಳಿದಷ್ಟು ಕೊಟ್ಟೆ. ಹಳೆಯ ಪಾಯಿಂಟ್, ಕಂಡೆನ್ಸರ್ ಪೊಟ್ಟಣದಲ್ಲಿ ನನ್ನ ಕಿಸೆಗೆ ಬಂದವು.

ಇಂದು ಮಳೆಯಲ್ಲಿಯೇ ಮೂಲ್ಕಿಯಿಂದ ಹೊರಟೆ. ಬೈಕಂಪಾಡಿ ದಾಟಿತು, ಕೂಳೂರು ಸೇತುವೆ ದಾಟಿತು, ಕೊಟ್ಟಾರ ಚೌಕಿಯ ಸಿಗ್ನಲಿನಲ್ಲಿ ನಿಧಾನವಾಗಿ ಬಡಿಯುತ್ತ ನಿಂತಿತ್ತು. ಮನೆಗೆ ಬಂದಾಗ ಅಮ್ಮ ಶಬ್ದ ಕೇಳಿ ಹೊರಗೆ ಬಂದು ನಿಂತಿದ್ದರು. ನಮೂನೆ 31 ಕೂಡ ತುಂಬಿಸಿ ಇಟ್ಟಿದ್ದೇನೆ.

ಹಳೆಯ ಸ್ಪಾನರ್ | ಜೂನ್ 4, ಬೆಳಿಗ್ಗೆ 6.10

ಬಹಳ ಸಂತೋಷವಾಯಿತು. ಹೊಸ ಪಾಯಿಂಟ್ ಹಾಕಿದಾಗ ಕ್ಯಾಮಿಗೆ (ಪಾಯಿಂಟನ್ನು ಎತ್ತಿ ತೆರೆಯುವ ಉಬ್ಬಿಗೆ) ತಾಗುವ ಕಡೆ ಚಿಟಿಕೆ ಗ್ರೀಸ್ ಇಟ್ಟರೇ? ಇಡದಿದ್ದರೆ ಆ ತಾಗುವ ಹಿಮ್ಮಡಿ ಬೇಗ ಸವೆದು ಅಂತರ ಕಡಿಮೆಯಾಗುತ್ತದೆ.

ಮೂಲ್ಕಿಯ ಬುಲೆಟ್ | ಜೂನ್ 4, ಬೆಳಿಗ್ಗೆ 6.55

ಇಟ್ಟರು ಅಣ್ಣ. ಕಡಲೆ ಕಾಳಿನ ಕಾಲು ಭಾಗದಷ್ಟು ಬೆರಳ ತುದಿಯಲ್ಲಿ ತೆಗೆದು, ಇದಕ್ಕಿಂತ ಹೆಚ್ಚಾದರೆ ಪಾಯಿಂಟಿಗೆ ಹಾರುತ್ತದೆ ಎಂದು ತೋರಿಸಿ ಇಟ್ಟರು. 500 ಕಿಲೋಮೀಟರ್ ಓಡಿಸಿ ಬನ್ನಿ, ಅಂತರ ಮತ್ತೊಮ್ಮೆ ಅಳೆಯೋಣ ಎಂದಿದ್ದಾರೆ.